ಅಕ್ಕಾ, ಆಕಾಶದ ಯುದ್ಧಕ್ಕೂ ಕಟ್ಟಳೆಯಿದೆ

ವಿಜಯಪುರದಿಂದ

ತಿಕೋಟಾದ ಅಕ್ಕಾವರಿಗೆ,

ದ್ರಾಕ್ಷಿ ಬಳ್ಳಿಯ ಚಾಟಣಿಯ ಗಡಿಬಿಡಿಯಲ್ಲೂ ನಾಲ್ಕು ಪುಟ ಬರೆದಿದ್ದೀರಿ. ಓದಿ ಮಡಚಿ ಮೇಜಿನ ಮೇಲಿಟ್ಟು ಹದಿನೈದು ದಿನವಾಯಿತು. ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಅದರ ಮೇಲೆ ಕಣ್ಣು ಬೀಳುತ್ತದೆ, ಉತ್ತರ ಬರೆಯಲು ಕೈ ಮಾತ್ರ ಏಳುತ್ತಿರಲಿಲ್ಲ. ತೋಟದ ಸುದ್ದಿ, ಕಾಲುವೆ ನೀರಿನ ಸುದ್ದಿ, ಬಬಲೇಶ್ವರದ ತವರುಮನೆಯ ಸುದ್ದಿ ಎಲ್ಲ ಬರೆದು ಕೊನೆಯ ಪುಟದಲ್ಲಿ ಆ ಪ್ರಶ್ನೆ ಇಟ್ಟಿದ್ದೀರಿ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆಗಿನ ಕಾಳಗವನ್ನು ಟಿವಿಯಲ್ಲಿ ನೋಡಿದಾಗಿನಿಂದ ಮಗ ಫೈಟರ್ ಪೈಲಟ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ, ಅವನಿಗೇನಾದರೂ ಆದೀತೆಂಬ ಅಂಜಿಕೆ ಇದ್ದೇ ಇದೆ. "ಅದಕಿಂತ ದೊಡ್ಡ ಅಂಜಿಕಿ ಬ್ಯಾರೆ ಐತ್ರಿ. ನನ್ನ ಮಗನ ಕೈಯಿಂದ ಯಾರದೋ ಮನಿ ಮ್ಯಾಲೆ ಬಾಂಬ್ ಬಿದ್ದರ? ಅಲ್ಲಿ ಕೂಸು ಮಲಗಿದ್ದರ? ಮ್ಯಾಲಿಂದ ಒಗಿಯೋದಕ್ಕ ಏನರ ಕಾಯ್ದೆ ಐತೇನು?"

ಇದೆ. ಇದೆ ಎಂದಷ್ಟೇ ಬರೆದರೆ ನಿಮಗೂ ಸಮಾಧಾನವಾಗುವುದಿಲ್ಲ, ನನಗೂ ಆಗುವುದಿಲ್ಲ. ಅದಕ್ಕೇ ಪತ್ರ ಉದ್ದವಾಗುತ್ತದೆ. ರಾತ್ರಿ ಊಟವಾದ ಮೇಲೆ ನಿಧಾನವಾಗಿ ಓದಿರಿ.

ನಿಮ್ಮ ಪತ್ರ ಬಂದ ಮುಂದಿನ ಭಾನುವಾರ ಸೈನಿಕ ಶಾಲೆಗೆ ಹೋಗಿ ಅನುಮತಿ ಕೇಳಿ ಅಲ್ಲಿ ಓದುವ ನಿಮ್ಮ ಮಗನನ್ನು ಹೊರಗೆ ಕರೆದುಕೊಂಡು ಬಂದಿದ್ದೆ. 1963ರಿಂದ ಇರುವ ಶಾಲೆ ಅದು, ನಮ್ಮೂರಿನ ಹೆಮ್ಮೆ. ಅಲ್ಲಿನ ಮಕ್ಕಳು ನಡೆಯುವ ರೀತಿಯೇ ಬೇರೆ, ಬೆನ್ನು ಬಾಗುವುದಿಲ್ಲ. ಇಬ್ಬರೂ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಹೋದೆವು. ಮಧ್ಯಾಹ್ನದ ಬಿಸಿಲು. ಅವನು ಆ 55 ಟನ್ನಿನ ತೋಪಿನ ಮೈಮೇಲೆ ಅಂಗೈ ಇಟ್ಟು, "ಮಾಮಾ, ಇಷ್ಟು ಬಿಸಿಲಿದ್ದರೂ ಸುಡವಲ್ದು" ಅಂದ. ಬಾಯಿಯ ಕಡೆ ಬಂದು ಆನೆಯನ್ನು ನುಂಗುತ್ತಿರುವ ಸಿಂಹದ ಕೆತ್ತನೆ ನೋಡುತ್ತ ನಿಂತ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಇದಕ್ಕೆ ಬತ್ತಿ ಹಚ್ಚಿದ ತೋಪಿನವನು ಪಕ್ಕದ ನೀರಿನ ತೊಟ್ಟಿಗೆ ಹಾರಿ ತಲೆ ಮುಳುಗಿಸುತ್ತಿದ್ದನಂತೆ, ಇಲ್ಲವಾದರೆ ಸದ್ದಿಗೆ ಕಿವಿಯೇ ಹೋಗುತ್ತಿತ್ತಂತೆ. ನಮ್ಮೂರ ಗೈಡುಗಳು ಹೇಳುವ ಕತೆ. ನಿಜವಿರಲಿ, ಬಿಡಲಿ, ಅಂದು ಆ ಕತೆ ನನ್ನ ಮನಸ್ಸಿನಲ್ಲಿ ಬೇರೆಯಾಗಿಯೇ ಕೂತಿತು. ತಾನು ಹಾರಿಸಿದ್ದರ ಸದ್ದು ಆ ತೋಪಿನವನಿಗೂ ತಟ್ಟುತ್ತಿತ್ತು. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಗುಂಡಿ ಒತ್ತುವವನಿಗೆ ಕೆಳಗಿನದು ಏನೂ ಕೇಳುವುದಿಲ್ಲ. ಸದ್ದು ಕೇಳಿಸದಿರುವ ಕಡೆ ಬೇರೆ ಯಾವುದಾದರೂ ಕೈ ಹಿಡಿದು ನಿಲ್ಲಿಸಬೇಕು. ಕಾನೂನು ಹುಟ್ಟಿದ್ದು ಅಲ್ಲಿ.

ಅಲ್ಲಿಂದ ಉಪ್ಪಲಿ ಬುರುಜು ಹತ್ತಿದೆವು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಹೊರಮೈಗೆ ಸುತ್ತಿಕೊಂಡಿರುವ ಮೆಟ್ಟಿಲು, ಮೇಲೆ ಸುಮಾರು 9 ಮೀಟರ್ ಉದ್ದದ ತೋಪು. ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ, ಗೋಲಗುಮ್ಮಟದ ನೆತ್ತಿಯೂ ಕಾಣುತ್ತದೆ. ಹುಡುಗ ಕೆಳಗೆ ನೋಡುತ್ತ, "ಇಲ್ಲಿಂದ ಮಂದಿ ಎಷ್ಟು ಸಣ್ಣಗೆ ಕಾಣ್ತಾರ" ಅಂದ. ಎತ್ತರಕ್ಕೆ ಹೋದವರೆಲ್ಲ ಮೊದಲು ಆಡುವ ಮಾತು ಇದೇ. 24 ಮೀಟರ್ ಮೇಲಿಂದಲೇ ಹೀಗಾದರೆ ಮುಂದಿನದು ಊಹಿಸಿರಿ.

ವಿಮಾನ ಹುಟ್ಟುವ ಮೊದಲೇ ಈ ಚಿಂತೆ ಶುರುವಾಗಿತ್ತು ಎಂದರೆ ನೀವು ನಂಬುವುದಿಲ್ಲ. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ದೇಶಗಳು, ಬಲೂನುಗಳಿಂದ ಸ್ಫೋಟಕ ಒಗೆಯಬಾರದು ಎಂದು ಐದು ವರ್ಷದ ಮಟ್ಟಿಗೆ ಒಪ್ಪಿಕೊಂಡವು. ರೈಟ್ ಸಹೋದರರು ಹಾರಿದ್ದು ಅದಾಗಿ ನಾಲ್ಕು ವರ್ಷಕ್ಕೆ. 1911ರ ನವೆಂಬರ್ 1ರಂದು ಇಟಲಿಯ ಜೂಲಿಯೊ ಗವೊಟ್ಟಿ ಎಂಬ ಪೈಲಟ್ ಲಿಬಿಯಾದಲ್ಲಿ ವಿಮಾನದಿಂದ ಕೈಯಾರೆ ನಾಲ್ಕು ಸಣ್ಣ ಬಾಂಬು ಒಗೆದ. ಅಲ್ಲಿಂದ ಬಾಗಿಲು ತೆರೆಯಿತು. 1923ರಲ್ಲಿ ಹೇಗ್‌ನಲ್ಲೇ ಮತ್ತೆ ಕಾನೂನು ಪಂಡಿತರು ಕೂತು ವೈಮಾನಿಕ ಯುದ್ಧಕ್ಕೆ ನಿಯಮಾವಳಿ ಬರೆದರು. ಸಾಮಾನ್ಯ ಜನರನ್ನು ಹೆದರಿಸಲೆಂದೇ ಬಾಂಬು ಹಾಕಬಾರದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಯಾವ ಸರ್ಕಾರವೂ ಅದನ್ನು ಒಪ್ಪಂದವಾಗಿ ಅಂಗೀಕರಿಸಲಿಲ್ಲ. ಆ ಹಾಳೆಗಳ ಮೇಲೆ ಸಹಿ ಬಿದ್ದಿದ್ದರೆ ಮುಂದಿನ ಇಪ್ಪತ್ತೆರಡು ವರ್ಷ ಬೇರೆಯಾಗುತ್ತಿತ್ತೋ ಏನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಏಕೆಂದರೆ ಅದೇ ಕಾಲದಲ್ಲಿ ಇನ್ನೊಂದು ವಿಚಾರ ಸೇನಾಧಿಕಾರಿಗಳ ತಲೆ ಹೊಕ್ಕಿತ್ತು. 1921ರಲ್ಲಿ ಇಟಲಿಯ ಜನರಲ್ ಜೂಲಿಯೊ ದುಹೆ ಪುಸ್ತಕ ಬರೆದು, ಮುಂದಿನ ಯುದ್ಧವನ್ನು ಆಕಾಶವೇ ಗೆಲ್ಲುತ್ತದೆ, ಶತ್ರುವಿನ ಪಟ್ಟಣಗಳ ಮೇಲೆ ಬಾಂಬು ಸುರಿದರೆ ಜನ ತಾವೇ ತಮ್ಮ ಸರ್ಕಾರಕ್ಕೆ ಸಾಕು ಮಾಡು ಎನ್ನುತ್ತಾರೆ ಎಂದು ವಾದಿಸಿದ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾದಲ್ಲಿ ಅದು ಸಂತೆಯ ದಿನವೇ ಜಾರಿಗೆ ಬಂತು. ಆಮೇಲೆ ಲಂಡನ್, ಹ್ಯಾಂಬರ್ಗ್, ಡ್ರೆಸ್ಡೆನ್. 1945ರ ಮಾರ್ಚ್ 9ರ ರಾತ್ರಿ ಬೆಂಕಿಬಾಂಬಿಗೆ ಸಿಕ್ಕಿ ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಲಂಡನ್ನಿನವರು ಸೋಲೊಪ್ಪಲಿಲ್ಲ. ಜರ್ಮನಿ ತನ್ನ ರಾಜಧಾನಿಯ ಬೀದಿಗೆ ಶತ್ರುವಿನ ಕಾಲಾಳು ಬರುವ ತನಕ ಬಗ್ಗಲಿಲ್ಲ. ಜನರನ್ನು ಹೆದರಿಸಿ ಯುದ್ಧ ಗೆಲ್ಲುವ ಲೆಕ್ಕ ಎಂದೂ ಸರಿಯಾಗಿ ತಾಳೆ ಬಿದ್ದಿಲ್ಲ. ಕ್ರೌರ್ಯದ ಮಾತು ಒತ್ತಟ್ಟಿಗಿರಲಿ, ಯುದ್ಧತಂತ್ರವಾಗಿಯೂ ಅದು ಸೋತ ವಿದ್ಯೆ. ಇದನ್ನು ನಿಮ್ಮ ಮಗನಿಗೆ ಬುರುಜಿನ ಮೇಲೆಯೇ ಹೇಳಿದೆ. "ಹಂಗಾದರ ಹಿರೋಷಿಮಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಜಪಾನಿನ ಶರಣಾಗತಿಗೆ ಅಣುಬಾಂಬು ಎಷ್ಟು ಕಾರಣ, ಅದೇ ವಾರ ಸೋವಿಯತ್ ಒಕ್ಕೂಟ ಯುದ್ಧಕ್ಕಿಳಿದದ್ದು ಎಷ್ಟು ಕಾರಣ ಎಂದು ಇತಿಹಾಸಕಾರರು ಇವತ್ತಿಗೂ ಜಗಳಾಡುತ್ತಾರೆ. ಅವನಿಗೆ ಬೇರೊಂದು ಸಂಗತಿ ಹೇಳಿದೆ. ಅಣುಬಾಂಬಿನ ಗುರಿಪಟ್ಟಿಯಲ್ಲಿ ಮೊದಲು ಕ್ಯೋಟೊ ಇತ್ತು, ಗುಡಿಗಳ ಊರು. ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಆ ಊರನ್ನು ಕಣ್ಣಾರೆ ಕಂಡಿದ್ದವನು, ಹಟ ಹಿಡಿದು ಅದರ ಹೆಸರು ಹೊಡೆಸಿದ. ಪಟ್ಟಿಗೆ ನಾಗಸಾಕಿ ಬಂತು. ಒಬ್ಬ ಮನುಷ್ಯ ಒಂದು ಊರು ನೋಡಿದ್ದ, ಇನ್ನೊಂದು ನೋಡಿರಲಿಲ್ಲ. ಲಕ್ಷಾಂತರ ಜೀವ ಅಂಥದೊಂದು ಎಳೆಯ ಮೇಲೆ ನಿಂತಿತ್ತು. ಕಟ್ಟಳೆ ಬೇಕಾಗುವುದು ಇದಕ್ಕೇ ಅಕ್ಕಾ. ಊರೊಂದರ ಉಳಿವು ಯಾರೋ ಒಬ್ಬರ ಪ್ರವಾಸದ ನೆನಪಿನ ಮೇಲೆ ನಿಲ್ಲಬಾರದು.

ಗೋಲಗುಮ್ಮಟ ನೋಡುತ್ತ ನಿಂತಾಗ ನನಗೆ ಮಾಂಟೆ ಕಸಿನೊ ನೆನಪಾಯಿತು. ಇಟಲಿಯ ಬೆಟ್ಟದ ಮೇಲಿನ ಮಠ, 6ನೇ ಶತಮಾನದ್ದು. 1944ರ ಫೆಬ್ರುವರಿ 15ರಂದು ಮಿತ್ರಪಡೆಗಳ 200ಕ್ಕೂ ಹೆಚ್ಚು ಬಾಂಬರುಗಳು ಅದನ್ನು ಪುಡಿಮಾಡಿದವು. ಕೆಳಗೆ ದಾಳಿಗೆ ಸಜ್ಜಾಗುತ್ತಿದ್ದದ್ದು ನಮ್ಮದೇ 4ನೇ ಇಂಡಿಯನ್ ಡಿವಿಜನ್. ಮಠದೊಳಗೆ ಜರ್ಮನ್ನರು ಕೂತಿದ್ದಾರೆ ಎಂದು ತಿಳಿದಿದ್ದರು, ಇದ್ದದ್ದು ಸನ್ಯಾಸಿಗಳು ಮತ್ತು ಆಸರೆ ಪಡೆದ ಜನ. ಗುರಿ ತಪ್ಪಿದ ಕೆಲವು ಬಾಂಬು ಭಾರತೀಯ ಸೈನಿಕರ ನೆಲೆಯ ಮೇಲೂ ಬಿದ್ದವು. ಮಠ ಕುಸಿದ ಮೇಲೆ ಜರ್ಮನ್ನರು ಬಂದು ಆ ಕಲ್ಲುರಾಶಿಯಲ್ಲಿ ಅಡಗಿ ಕೂತರು, ಅಡಗಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಎರಡು ದಿನದ ಮೇಲೆ ಮುನ್ನುಗ್ಗಿದ ನಮ್ಮ ಗೂರ್ಖಾ, ರಜಪುತಾನಾ ರೈಫಲ್ಸ್ ಪಡೆಗಳು ಅಲ್ಲಿ ಅಪಾರ ನಷ್ಟ ಅನುಭವಿಸಿದವು. ಬೆಟ್ಟ ಕೈಗೆ ಬಂದದ್ದು ಮೇ 18ಕ್ಕೆ. ಇಂಥ ಅನುಭವಗಳ ಬೆನ್ನಿಗೆ 1954ರಲ್ಲಿ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಗೆ ಹೇಗ್ ಒಪ್ಪಂದ ಬಂತು. ಭಾರತ 1958ರಲ್ಲಿ ಅದನ್ನು ಸ್ಥಿರೀಕರಿಸಿತು. ನಾವು ದಿನಾ ಬಸ್ಸಿನ ಕಿಟಕಿಯಿಂದ ನೋಡುವ ಗುಮ್ಮಟದಂಥ ಸ್ಮಾರಕಗಳನ್ನು ಯುದ್ಧದಲ್ಲೂ ಮುಟ್ಟಬಾರದು, ಅವುಗಳನ್ನು ಕಾಯುವ ಸೈನ್ಯವೂ ಅಲ್ಲಿ ತೋಪು ಇಟ್ಟುಕೊಂಡು ಕೂರಬಾರದು. ಎರಡೂ ಕಡೆಯವರನ್ನು ಕಟ್ಟುವ ನಿಯಮ ಅದು.

ಈಗ ನಿಮ್ಮ ತೋಟಕ್ಕೆ ಬರುತ್ತೇನೆ.

ಆಕಾಶ ಎಂದರೆ ನಿಮಗೆ ಅಂಜಿಕೆ ಹೊಸದಲ್ಲ. ಮಾರ್ಚಿನಲ್ಲಿ ಶೆಡ್ಡಿನ ಹಸಿರು ಬಲೆಯ ಮೇಲೆ ದ್ರಾಕ್ಷಿ ಒಣಗುತ್ತಿರುವಾಗ ಮೋಡ ಕವಿದರೆ ನೀವು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀರಿ ಎಂದು ನನಗೆ ಗೊತ್ತು. ಒಂದು ಆಲಿಕಲ್ಲು ಮಳೆ ವರ್ಷದ ದುಡಿಮೆಯನ್ನು ಅರ್ಧ ತಾಸಿನಲ್ಲಿ ನುಂಗುತ್ತದೆ. ಬರ ಎಂದರೇನೆಂದು ತಿಳಿಯಲು ನಮ್ಮ ಜಿಲ್ಲೆಯವರು ಪುಸ್ತಕ ಓದಬೇಕಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಮೊದಲ ಸಲ ನಿಮ್ಮ ಕಡೆ ಹರಿದಾಗ ನೀವು ಅರಿಶಿನ ಕುಂಕುಮ ಹಾಕಿ ಉಡಿ ತುಂಬಿದ್ದನ್ನು ಬರೆದಿದ್ದಿರಿ. ಆ ಪತ್ರ ಇನ್ನೂ ನನ್ನ ಹತ್ತಿರ ಇದೆ.

ಅಕ್ಕಾ, ಯುದ್ಧದ ಕಾನೂನಿನಲ್ಲಿ ಆ ನೀರಿನ ಹೆಸರಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲನೆಯ ಹೆಚ್ಚುವರಿ ದಾಖಲೆಯ 54ನೆಯ ವಿಧಿ, ಜನರನ್ನು ಉಪವಾಸ ಕೆಡವುವುದನ್ನು ಯುದ್ಧದ ಉಪಾಯವಾಗಿ ಬಳಸಬಾರದು ಎನ್ನುತ್ತದೆ. ಜನ ಬದುಕಲು ಬೇಕಾದದ್ದನ್ನು ಹಾಳು ಮಾಡಬಾರದು ಎಂದು ಹೇಳಿ ಅಷ್ಟಕ್ಕೇ ಬಿಡದೆ ಎಣಿಸುತ್ತದೆ: ಆಹಾರಧಾನ್ಯ, ಹೊಲ, ಬೆಳೆ, ದನಕರು, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿ ಕಾಮಗಾರಿ. ನೀರಾವರಿ ಎಂಬ ಶಬ್ದವೇ ಇದೆ. ಮೊದಲ ಸಲ ಅದನ್ನು ಓದಿದಾಗ ನನಗೆ ಕಾಣಿಸಿದ್ದು ಕೃಷ್ಣೆಯ ದಂಡೆಯ ಜಾಕ್‌ವೆಲ್ಲು, ಅಲ್ಲಿಂದ ಗುಡ್ಡ ಹತ್ತಿ ಬರುವ ಪೈಪು, ನಿಮ್ಮ ಬದುವಿನ ಮೇಲಿನ ಡ್ರಿಪ್ ನಳಿಗೆ. ಅದೇ ದಾಖಲೆಯ 56ನೆಯ ವಿಧಿ ಅಣೆಕಟ್ಟು, ಏರಿ, ಅಣುವಿದ್ಯುತ್ ಸ್ಥಾವರಗಳ ಮಾತಾಡುತ್ತದೆ. ಒಡೆದರೆ ಕೆಳಗಿನ ಜನ ಕೊಚ್ಚಿಹೋಗುವಂತಿದ್ದರೆ, ಅವು ಸೈನ್ಯಕ್ಕೆ ಉಪಯೋಗ ಬೀಳುತ್ತಿದ್ದರೂ ದಾಳಿ ಮಾಡಬಾರದು. ತೀರಾ ಬಿಗಿಯಾದ ವಿನಾಯಿತಿ ಕೆಲವಿವೆ, ಅಷ್ಟೇ.

ಇವು ಸುಮ್ಮನೆ ಬಂದ ವಿಧಿಗಳಲ್ಲ. 1943ರ ಮೇ 16ರ ರಾತ್ರಿ ಬ್ರಿಟಿಷ್ ವಿಮಾನಗಳು ನೀರಿನ ಮೇಲೆ ಪುಟಿಯುತ್ತ ಹೋಗುವ ಬಾಂಬು ಹಾಕಿ ಜರ್ಮನಿಯ ಮೋನೆ, ಎಡರ್ ಅಣೆಕಟ್ಟು ಒಡೆದವು. ಇವತ್ತಿಗೂ ಅದನ್ನು ಸಾಹಸವೆಂದು ಸಿನಿಮಾದಲ್ಲಿ ತೋರಿಸುತ್ತಾರೆ. ಪೈಲಟ್‌ಗಳ ಧೈರ್ಯ ದೊಡ್ಡದೇ. ಕೆಳಗೆ ಸತ್ತವರು 1,300ಕ್ಕೂ ಹೆಚ್ಚು, ಅವರಲ್ಲಿ ಬಹಳಷ್ಟು ಮಂದಿ ಜರ್ಮನ್ನರೇ ಅಲ್ಲ, ದುಡಿಸಿಕೊಳ್ಳಲು ಹಿಡಿದು ತಂದಿದ್ದ ಪರದೇಶದ ಕೂಲಿಗಳು. ಕೆಲವೇ ತಿಂಗಳಲ್ಲಿ ಜರ್ಮನ್ನರು ಅಣೆಕಟ್ಟು ಮತ್ತೆ ಕಟ್ಟಿಕೊಂಡರು. 1953ರ ಮೇ ತಿಂಗಳಲ್ಲಿ ಅಮೆರಿಕದ ವಿಮಾನಗಳು ಉತ್ತರ ಕೊರಿಯಾದ ಟೊಕ್ಸಾನ್ ನೀರಾವರಿ ಅಣೆಕಟ್ಟು ಒಡೆದಾಗ ಆಗತಾನೆ ನೆಟ್ಟ ಭತ್ತದ ಗದ್ದೆಗಳು ಕೊಚ್ಚಿಹೋದವು. 2023ರ ಜೂನ್ 6ರಂದು ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆದು ಊರೂರು ಮುಳುಗಿದ್ದನ್ನು ನೀವೇ ಟಿವಿಯಲ್ಲಿ ನೋಡಿದ್ದೀರಿ. ಅದು ಆಕಾಶದಿಂದ ಬಿದ್ದ ಬಾಂಬಿನಿಂದಾದದ್ದಲ್ಲ, ಆದರೆ ಅಣೆಕಟ್ಟು ಒಡೆದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಆಲಮಟ್ಟಿಯಲ್ಲಿ ತುಂಬಿದಾಗ 123 ಟಿಎಂಸಿ ನೀರು ನಿಲ್ಲುತ್ತದೆ. ಅದರ ಕೆಳಗೆ ಎಷ್ಟು ಊರುಗಳಿವೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಒಂದು ನೋವಿನ ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. 1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು ಭಾರತ ಒಪ್ಪಿದೆ, 1960ರಲ್ಲಿ ಅವುಗಳಿಗಾಗಿ ಸಂಸತ್ತಿನಲ್ಲಿ ಕಾಯ್ದೆಯನ್ನೂ ಮಾಡಿದೆ. ಆದರೆ ನಾನೀಗ ಹೇಳಿದ 1977ರ ದಾಖಲೆಗೆ ಭಾರತ ಸೇರಿಲ್ಲ. ಅಮೆರಿಕವೂ ಪಾಕಿಸ್ತಾನವೂ ಸಹಿ ಹಾಕಿ ಅಲ್ಲಿಗೇ ನಿಂತಿವೆ. ಇದರಲ್ಲಿನ ಮುಖ್ಯ ನಿಯಮಗಳು ರೂಢಿಯಿಂದ ಬಂದ ಕಾನೂನಾಗಿ ಎಲ್ಲರನ್ನೂ ಕಟ್ಟುತ್ತವೆ ಎಂದು ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ ಹೇಳುತ್ತದೆ, ಬಹುತೇಕ ಸೇನೆಗಳೂ ಮೂಲ ತತ್ವಗಳನ್ನು ಒಪ್ಪುತ್ತವೆ. ಆದರೂ ನಮ್ಮ ದೇಶ ಅದಕ್ಕೆ ಸಹಿ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರದ ನಾಡಿನವರಿಗೆ ನೀರಾವರಿಯನ್ನು ಕಾಯುವ ಕಾನೂನಿಗಿಂತ ಹತ್ತಿರದ ಕಾನೂನು ಯಾವುದಿದೆ?

ಕುಡಗಿಯ ವಿದ್ಯುತ್ ಸ್ಥಾವರದ ಬಗ್ಗೆಯೂ ಹುಡುಗ ಕೇಳಿದ. ಅಲ್ಲಿ ಕಾನೂನು ತಡವರಿಸುತ್ತದೆ. 2,400 ಮೆಗಾವಾಟ್ ಕರೆಂಟು ಕಾರ್ಖಾನೆಗೂ ಹೋಗುತ್ತದೆ, ಆಸ್ಪತ್ರೆಗೂ ಹೋಗುತ್ತದೆ, ಜಾಕ್‌ವೆಲ್ಲಿನ ಮೋಟಾರಿಗೂ ಹೋಗುತ್ತದೆ. 1991ರಲ್ಲಿ ಅಮೆರಿಕ ಇರಾಕಿನ ವಿದ್ಯುತ್ ಜಾಲವನ್ನು ಹೊಡೆದುಹಾಕಿತು. ಸೈನ್ಯದ ರೇಡಾರು ನಿಂತಿತು, ಜೊತೆಗೆ ನೀರು ಶುದ್ಧ ಮಾಡುವ ಪಂಪುಗಳೂ ನಿಂತವು. ಯುದ್ಧ ಮುಗಿದ ಮೇಲೆ ಕೆಟ್ಟ ನೀರು ಕುಡಿದು ಮಕ್ಕಳು ಸತ್ತರು. ಬಾಂಬು ಬಿದ್ದದ್ದು ಸ್ಥಾವರದ ಮೇಲೆ, ಸಾವು ಬಂದದ್ದು ನಳದ ಮೂಲಕ. 2022ರ ಅಕ್ಟೋಬರಿನಿಂದ ಉಕ್ರೇನಿನ ಚಳಿಗಾಲಗಳಲ್ಲೂ ಇದೇ ಕತೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ: ಮನೆಯಲ್ಲಿ ಕೂಸು ಮಲಗಿದ್ದರೆ?

ಕಾನೂನು ಪೈಲಟ್‌ನಿಗೂ, ಅವನಿಗೆ ಆದೇಶ ಕೊಡುವವನಿಗೂ ಮೂರು ಪ್ರಶ್ನೆ ಹಾಕುತ್ತದೆ. ನೀನು ಹೊಡೆಯುತ್ತಿರುವುದು ಸೈನಿಕ ಗುರಿಯೋ, ಜನರ ಮನೆಯೋ? ಅದು ಸೈನಿಕ ಗುರಿಯೇ ಆಗಿದ್ದರೂ ಪಕ್ಕದಲ್ಲಿ ಸಾಯಬಹುದಾದ ಜನರ ಲೆಕ್ಕ, ಸಿಗುವ ಸೈನಿಕ ಲಾಭಕ್ಕೆ ಮೀರಿದ್ದೋ? ಅದನ್ನು ಖಚಿತ ಮಾಡಿಕೊಳ್ಳಲು, ಜನರನ್ನು ಉಳಿಸಲು ನಿನ್ನ ಕೈಲಾದದ್ದೆಲ್ಲ ಮಾಡಿದೆಯೋ? ಎರಡನೆಯ ಪ್ರಶ್ನೆ ಓದಿದರೆ ನಿಮಗೆ ಸಂಕಟವಾದೀತು. ನನಗೂ ಆಗುತ್ತದೆ. ಏಕೆಂದರೆ ಒಬ್ಬ ಮುಗ್ಧನೂ ಸಾಯಬಾರದು ಎಂದು ಕಾನೂನು ಹೇಳುವುದಿಲ್ಲ, ಮಿತಿಮೀರಬಾರದು ಎಂದು ಹೇಳುತ್ತದೆ. ಆ ಮಿತಿಯನ್ನು ಅಳೆಯುವ ತಕ್ಕಡಿ ಹೊಡೆಯುವವನ ಕೈಯಲ್ಲೇ ಇರುತ್ತದೆ. ಅದಕ್ಕೇ ಆ ಕೈ ಎಂಥದು ಎಂಬುದು ಬಹಳ ಮುಖ್ಯ.

1971ರ ಡಿಸೆಂಬರ್ 14ರ ಒಂದು ಸಂಗತಿ ಹೇಳುತ್ತೇನೆ. ಢಾಕಾದಲ್ಲಿ ಪೂರ್ವ ಪಾಕಿಸ್ತಾನದ ಗವರ್ನರ್ ಎ.ಎಂ. ಮಲಿಕ್ ಸಭೆ ಸೇರಿಸಿದ್ದಾರೆ ಎಂಬ ಸುದ್ದಿ ನಮ್ಮವರಿಗೆ ಸಿಕ್ಕಿತು. ಗುವಾಹಟಿಯಿಂದ ವಿಂಗ್ ಕಮಾಂಡರ್ ಬಿ.ಕೆ. ಬಿಷ್ಣೋಯಿ ಅವರ ಮಿಗ್-21 ತಂಡ ಹೊರಟಿತು. ಕೈಯಲ್ಲಿ ಇದ್ದದ್ದು ಢಾಕಾದ ಪ್ರವಾಸಿ ನಕ್ಷೆ. ಗುರಿ ಸರ್ಕ್ಯೂಟ್ ಹೌಸ್ ಎಂದು ಹೇಳಿದ್ದರು. ವಿಮಾನ ಏರಿ ಕೂತ ಮೇಲೆ ಒಬ್ಬ ಅಧಿಕಾರಿ ಓಡಿಬಂದು ಚೀಟಿ ಕೊಟ್ಟರು: ಸಭೆ ಇರುವುದು ಸರ್ಕ್ಯೂಟ್ ಹೌಸಿನಲ್ಲಲ್ಲ, ಗವರ್ನರ್ ಭವನದಲ್ಲಿ. ಜನ ತುಂಬಿದ ನಗರದ ಮೇಲೆ ಹಾರುತ್ತ ಬಿಷ್ಣೋಯಿ ಆ ಕಟ್ಟಡವನ್ನು ಕಣ್ಣಿನಿಂದ ಹುಡುಕಿ, ಖಾತ್ರಿ ಮಾಡಿಕೊಂಡು ರಾಕೆಟ್ ಹಾರಿಸಿದರು. ದಾಳಿಯ ನಡುವೆಯೇ ಮಲಿಕ್ ರಾಜೀನಾಮೆ ಬರೆದರು. ಎರಡು ದಿನಕ್ಕೆ ಪಾಕಿಸ್ತಾನದ ಸೇನೆ ಶರಣಾಯಿತು. ಆ ಚೀಟಿ ಬರದೇ ಹೋಗಿದ್ದರೆ? ಇನ್ಯಾವುದೋ ಕಟ್ಟಡ, ಇನ್ಯಾರೋ ಜನ. ಖಾತ್ರಿ ಮಾಡಿಕೋ ಎಂಬ ಕಾನೂನಿನ ಮಾತಿಗೆ ಆ ತುಂಡು ಕಾಗದದಷ್ಟು ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದಕ್ಕೆ ಎದುರಾದದ್ದು 1991ರ ಫೆಬ್ರುವರಿ 13ರ ಬಾಗ್ದಾದ್. ಅಮೀರಿಯಾ ಎಂಬಲ್ಲಿ ಒಂದು ಆಸರೆಕೋಣೆ. ಅದು ಸೇನೆಯ ನಿಯಂತ್ರಣ ಕೇಂದ್ರ ಎಂದು ಅಮೆರಿಕ ನಂಬಿತ್ತು. ಲೇಸರ್ ಕಿರಣ ಹಿಡಿದು ಹೋಗುವ ಎರಡು ಬಾಂಬು ಸರಿಯಾಗಿ ಇಟ್ಟ ಗುರಿಗೇ ಬಿದ್ದವು. ಒಳಗೆ ಮಲಗಿದ್ದವರು ಬಹುಪಾಲು ಹೆಂಗಸರು ಮಕ್ಕಳು, ಸತ್ತವರು 400ಕ್ಕೂ ಹೆಚ್ಚು. ಬಾಂಬು ಒಂದು ಗೇಣೂ ತಪ್ಪಲಿಲ್ಲ, ತಪ್ಪಿದ್ದು ತಿಳಿವಳಿಕೆ. ಈಗಿನ ಟಿವಿಯವರು ನಿಖರ ದಾಳಿ, ನಿಖರ ದಾಳಿ ಎಂದು ಕೂಗುವಾಗೆಲ್ಲ ನನಗೆ ಅಮೀರಿಯಾ ಕಣ್ಣಮುಂದೆ ಬರುತ್ತದೆ.

2025ರ ಮೇ 7ರ ಬೆಳಗಿನ ಜಾವ, ಪಹಲ್ಗಾಮಿನಲ್ಲಿ 26 ಜನರನ್ನು ಕೊಂದದ್ದಕ್ಕೆ ಉತ್ತರವಾಗಿ ಒಂಬತ್ತು ಉಗ್ರರ ನೆಲೆಗಳ ಮೇಲೆ ದಾಳಿ ಮಾಡಿದ್ದೇವೆ, ಪಾಕಿಸ್ತಾನದ ಸೇನಾ ನೆಲೆ ಯಾವುದನ್ನೂ ಮುಟ್ಟಿಲ್ಲ ಎಂದು ನಮ್ಮ ಸರ್ಕಾರ ಹೇಳಿತಲ್ಲ, ಆ ಮಾತನ್ನು ನೆನೆಸಿಕೊಳ್ಳಿರಿ. ಎಷ್ಟು ಹೊಡೆದೆವು ಎನ್ನುವುದರ ಜೊತೆಗೆ ಏನನ್ನು ಹೊಡೆಯಲಿಲ್ಲ ಎಂದೂ ಹೇಳಬೇಕಾಗಿ ಬಂತು. ಅದು ಅಲ್ಲಿಗೇ ನಿಲ್ಲಲಿಲ್ಲ, ಮುಂದಿನ ಮೂರು ದಿನ ಎರಡೂ ಕಡೆ ಸಾವುನೋವಾಯಿತು, ಪೂಂಛ್‌ನಲ್ಲಿ ಶೆಲ್ಲಿಗೆ ಸಿಕ್ಕಿ ಮಕ್ಕಳೂ ಸತ್ತರು. ಮೇ 10ಕ್ಕೆ ನಿಂತಿತು. ಆ ನಾಲ್ಕು ದಿನ ಚಾನೆಲ್ಲುಗಳ ಅಬ್ಬರದಲ್ಲಿ, ಗುರಿಯನ್ನು ಆಯುವ ಆ ತಾಳ್ಮೆಯ ಕೆಲಸದ ಬಗ್ಗೆ ಯಾರೂ ಮಾತಾಡಲಿಲ್ಲ ಎಂಬ ಬೇಸರ ನನಗಿದೆ.

ಕಾರ್ಗಿಲ್ ಇದಕ್ಕಿಂತಲೂ ಸ್ಪಷ್ಟ ಉದಾಹರಣೆ. 1999ರ ಮೇ 26ರಂದು ವಾಯುಪಡೆ ಯುದ್ಧಕ್ಕಿಳಿದಾಗ ಸರ್ಕಾರದ ಕರಾರು ಒಂದೇ: ನಿಯಂತ್ರಣ ರೇಖೆ ದಾಟಬಾರದು. ಶಿಖರಗಳು 16,000 ಅಡಿ ಮೇಲೆ, ಅಲ್ಲಿನ ತೆಳುಗಾಳಿಯಲ್ಲಿ ಬಾಂಬು ಬೀಳುವ ದಾರಿಯೇ ಬೇರೆ, ವಿಮಾನ ತಿರುಗಲು ಜಾಗವಿಲ್ಲ. ಮೊದಲ ಮೂರು ದಿನದಲ್ಲಿ ಎರಡು ಫೈಟರ್, ಒಂದು ಹೆಲಿಕಾಪ್ಟರ್ ಕಳೆದುಕೊಂಡೆವು. ಆದರೂ ರೇಖೆ ದಾಟಲಿಲ್ಲ. ಮಿರಾಜ್ ವಿಮಾನಗಳು ಬಂದವು, ಮುಂಥೋ ಧಾಲೋದ ಸರಬರಾಜು ನೆಲೆಯನ್ನು ಹೊಡೆದವು, ಜೂನ್ 24ರಂದು ಟೈಗರ್ ಹಿಲ್ ಮೇಲೆ ಲೇಸರ್ ಬಾಂಬು ಹಾಕಿದವು. ಶಿಖರ ಗೆದ್ದದ್ದು ಕಾಲಾಳುಗಳೇ. ಜಗತ್ತು ಭಾರತದ ಬೆನ್ನಿಗೆ ನಿಂತಿತು, ಏಕೆಂದರೆ ರೇಖೆ ದಾಟಿದವರು ಯಾರು, ದಾಟದವರು ಯಾರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಆ ಸಂಯಮವೇ ಅಲ್ಲಿ ಒಂದು ಆಯುಧವಾಗಿತ್ತು.

ಇಷ್ಟು ಬರೆದ ಮೇಲೂ ನಿಮ್ಮ ಮೊದಲ ಅಂಜಿಕೆ ಉಳಿದೇ ಇದೆ, ಹುಡುಗನಿಗೇನಾದರೂ ಆದರೆ ಎಂಬುದು. ಅದಕ್ಕೆ ನನ್ನ ಬಳಿ ಸಾಂತ್ವನವಿಲ್ಲ, ಇಬ್ಬರು ಕೊಡಗಿನವರ ಕತೆಯಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ತಮಗಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹಳೆಯ ಮಿಸ್ಟೇರ್‌ನಲ್ಲಿ ಕೂತು ಉರುಳಿಸಿದ್ದರು ಎಂಬುದು ಪಾಕಿಸ್ತಾನದ ಕಡೆಯಿಂದ ಬರೆದ ಇಂಗ್ಲಿಷ್ ಪುಸ್ತಕದ ಮೂಲಕ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ಕ್ಕೆ, 23 ವರ್ಷದ ಮೇಲೆ.

ಇನ್ನೊಬ್ಬರು ನಂದಾ ಕಾರ್ಯಪ್ಪ, ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ. ಅದೇ ಯುದ್ಧದಲ್ಲಿ ಸೆಪ್ಟೆಂಬರ್ 22ರಂದು ಅವರ ಹಂಟರ್ ವಿಮಾನ ಬಿತ್ತು, ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೊಮ್ಮೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ನಿಮ್ಮ ಮಗನನ್ನು ಬಿಟ್ಟುಬಿಡಲೇ ಎಂದು ಹೇಳಿ ಕಳಿಸಿದರು. ಅಲ್ಲಿ ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬ ಅರ್ಥದ ಉತ್ತರ ತಂದೆಯಿಂದ ಹೋಯಿತು. ನಾಲ್ಕು ತಿಂಗಳ ಮೇಲೆ ನಂದಾ ಉಳಿದವರ ಜೊತೆಗೇ ಮನೆಗೆ ಬಂದರು, ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಬಿದ್ದ ಪೈಲಟ್‌ನನ್ನು ಕೊಲ್ಲಬಾರದು, ಹಿಂಸಿಸಬಾರದು, ಗಾಯಕ್ಕೆ ಔಷಧ ಕೊಡಬೇಕು, ಯುದ್ಧ ಮುಗಿದ ಮೇಲೆ ತಾಯ್ನಾಡಿಗೆ ಕಳಿಸಬೇಕು ಎಂಬುದು ಮೂರನೆಯ ಜಿನೀವಾ ಒಪ್ಪಂದ. 1999ರಲ್ಲಿ ಪೈಲಟ್ ನಚಿಕೇತ, 2019ರಲ್ಲಿ ಪೈಲಟ್ ಅಭಿನಂದನ್ ಪಾಕಿಸ್ತಾನದ ಸೆರೆಯಿಂದ ತಿರುಗಿ ಬಂದಾಗ ನೀವು ಟಿವಿಯ ಮುಂದೆ ಕೈಮುಗಿದಿರಲ್ಲ, ಅದರ ಹಿಂದೆಯೂ ಇದೇ ಒಪ್ಪಂದದ ಬಲವಿತ್ತು. ನಾವು ಇನ್ನೊಬ್ಬರ ಮಗನಿಗೆ ಕೊಡುವ ನಿಯಮವೇ ನಮ್ಮ ಮಗನನ್ನು ಕಾಯುತ್ತದೆ.

ಡ್ರೋನಿನ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರವೇ ಆಗುತ್ತದೆ. ಹೊಲಕ್ಕೆ ಔಷಧ ಹೊಡೆಯಲು ಬರುವ ಡ್ರೋನಿಗೂ ಉಕ್ರೇನಿನಲ್ಲಿ ಬಾಂಬು ಹೊತ್ತು ಹಾರುವ ಡ್ರೋನಿಗೂ ರೆಕ್ಕೆ, ಬ್ಯಾಟರಿ, ಕ್ಯಾಮೆರಾ ಬಹುಪಾಲು ಒಂದೇ. ಯಾರನ್ನು ಕೊಲ್ಲಬೇಕೆಂದು ಯಂತ್ರವೇ ಆಯ್ದುಕೊಳ್ಳುವ ಕಾಲ ಹತ್ತಿರ ಬರುತ್ತಿದೆ, ಅದಕ್ಕೆ ಕಡಿವಾಣ ಹಾಕುವ ಮಾತುಕತೆ ವಿಶ್ವಸಂಸ್ಥೆಯಲ್ಲಿ ವರ್ಷಗಳಿಂದ ನಡೆದಿದೆ. ನನಗೆ ಇರುವ ದೊಡ್ಡ ಭಯ ಇದು. ಯಂತ್ರಕ್ಕೆ ಚೀಟಿ ತಂದುಕೊಟ್ಟು ಗುರಿ ಇದಲ್ಲ ಎನ್ನುವವರು ಯಾರು? ಅಮೀರಿಯಾದ ಕನಸು ಬಿದ್ದು ಎದ್ದು ಕೂರುವುದು ಯಂತ್ರಕ್ಕೆ ಸಾಧ್ಯವೇ?

ಅಕ್ಕಾ, ನಿಮ್ಮ ಮಗನನ್ನು ತಡೆಯಬೇಡಿರಿ. ಬುರುಜಿನ ಮೇಲಿಂದ ಇಳಿಯುವಾಗ ಅವನು ತಾನಾಗಿಯೇ, "ಅವ್ವ ಕೇಳಿದ್ದು ಖರೇ ಐತಿ ಮಾಮಾ, ನಾನು ಅದನ್ನ ವಿಚಾರ ಮಾಡಿದ್ದಿಲ್ಲ" ಅಂದ. ಮನೆಯಲ್ಲಿ ಕೂಸು ಮಲಗಿದ್ದರೆ ಎಂದು ಕೇಳುವ ತಾಯಿಯ ಮಗ ಆ ಆಸನದಲ್ಲಿ ಕೂರಬೇಕು. ಅಂಥವನು ಕೂರದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಇನ್ನೊಬ್ಬ ಕೂರುತ್ತಾನೆ. ಎನ್‌ಡಿಎ ಪರೀಕ್ಷೆಗೆ ಓದಲಿ, ಗಣಿತ ಗಟ್ಟಿ ಮಾಡಿಕೊಳ್ಳಲಿ. ಅದರ ಜೊತೆಗೆ ಈ ಪತ್ರವನ್ನೂ ಅವನಿಗೆ ಓದಲು ಕೊಡಿರಿ.

ಕೊನೆಗೆ ಒಂದು ಸಂಗತಿ. ಭಾರತವೂ ಪಾಕಿಸ್ತಾನವೂ ಒಬ್ಬರ ಅಣುಸ್ಥಾವರವನ್ನು ಇನ್ನೊಬ್ಬರು ಹೊಡೆಯಬಾರದೆಂದು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. ನಮ್ಮ ಕೈಗಾದಂಥ ಸ್ಥಾವರಗಳಿಗೆ ಅದೇ ಕಾವಲು. 1992ರಿಂದ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತವೆ. ಕಾರ್ಗಿಲ್ ನಡೆದ ಮರುವರ್ಷವೂ ಕೊಟ್ಟವು, ಬಾಲಾಕೋಟ್ ದಾಳಿಯ ಮರುವರ್ಷವೂ ಕೊಟ್ಟವು.

ಇಂತಿ ನಿಮ್ಮ
ವಿಜಯಪುರದ ತಮ್ಮ